ಗೆರೆಯಿಲ್ಲದ ಚುಕ್ಕೆ

“ಮೇಡಂ, ನನ್ನ ಚುಕ್ಕೆ ಎಲ್ಲಿ?!”

ಮಹೇಂದ್ರ ಕೂಗಿದ ರಭಸಕ್ಕೆ ಚನ್ನಪಟ್ಟಣದ ಆ ಕಾಲೇಜು ಗ್ರಂಥಾಲಯದ ಹನ್ನೆರಡು ಸಾವಿರ ಪುಸ್ತಕಗಳೂ ಬೆಚ್ಚಿ ಒಂದಿಂಚು ಹಿಂದೆ ಸರಿದವು. ಸುಳ್ಳೆನ್ನುವವರು ಅಟೆಂಡರ್ ಗಂಗಹನುಮಯ್ಯನನ್ನು ಕೇಳಿ!

ಗ್ರಂಥಪಾಲಕಿ ಸಿರಿ ಮಾತ್ರ ನಕ್ಕಳು. ಪಿಎಚ್‌.ಡಿ. ಮಾಡುತ್ತಿದ್ದ ಅವನಿಗೆ ಮೂರು ತಿಂಗಳಿಂದ ಕಂಪ್ಯೂಟರ್‌ನಲ್ಲಿ ಸಂಶೋಧನಾ ಪ್ರಬಂಧಗಳ ನಕ್ಷೆ ಮಾಡಿಕೊಡುತ್ತಿದ್ದವಳು ಅವಳೇ. ಒಂದು ಪ್ರಬಂಧಕ್ಕೆ ಒಂದು ಚುಕ್ಕೆ. ಒಂದನ್ನು ಇನ್ನೊಂದು ಉಲ್ಲೇಖಿಸಿದರೆ ನಡುವೆ ಗೆರೆ. ಹೊಸ ಪ್ರಬಂಧ ಪ್ರಕಟವಾದರೆ ಅದರ ಚುಕ್ಕೆ, ಗೆರೆ ತಾವೇ ಮೂಡುತ್ತಿದ್ದವು. ಗೆರೆಯಿಲ್ಲದ ಚುಕ್ಕೆ ಕಂಡರೆ ಅಳಿಸಿಬಿಡುವಳು. ಅಚ್ಚುಕಟ್ಟಿನಲ್ಲಿ ಅವಳನ್ನು ಮೀರಿಸುವವರು ಭೂಮಂಡಲದಲ್ಲೇ ಇರಲಿಲ್ಲ!

“ನಿನ್ನೆ ನೀವು ಸೇರ್ಸಿದ್ದಾ? ಅದ್ನ ಯಾರೂ ಉಲ್ಲೇಖ ಮಾಡಿಲ್ಲ ಕಣ್ರೀ. ತೆಗೆದ್ಬುಟ್ಟೆ. ಕೆಲ್ಸಕ್ಕೆ ಬರಾಕಿಲ್ಲ ಅದು.”

ಅವನ ಮುಖ ಬಿಳಿಚಿತು.

“ಕೆಲ್ಸಕ್ಕೆ ಬರಾಕಿಲ್ವಾ...”

ಬ್ಯಾಗು ಹೆಗಲಿಗೇರಿಸಿ ಹೊರಟೇಹೋದ.

ಸಂಜೆ ಸಿರಿ ಆ ಪ್ರಬಂಧವನ್ನು ಮೊದಲ ಸಲ ತೆರೆದಳು. ರೇಷ್ಮೆ ನೂಲು ತೆಗೆಯುವ ಹೆಂಗಸರ ಬೆಂದ ಬೆರಳುಗಳ ಬಗ್ಗೆ. ಬರೆದವರು ನಯನಾ ಬಿ., ಅಕ್ಕೂರು. ಕೆಳಗೊಂದು ಸಾಲು: ‘ಪ್ರಕಟಣೆಗೆ ಮುನ್ನವೇ ಲೇಖಕಿ ತೀರಿಕೊಂಡರು.’

ಮಹೇಂದ್ರನ ಲೈಬ್ರರಿ ಕಾರ್ಡ್ ತೆಗೆದಳು. ಮಹೇಂದ್ರ ಬಿ., ಅಕ್ಕೂರು.

‘ಅಯ್ಯೋ... ಅವನ ಅಕ್ಕ! ಓದದೇ ಅಳಿಸಿಬಿಟ್ಟೆನಲ್ಲಾ...’

ಅವಳ ಕಣ್ಣೀರಿಗೆ ಕಣ್ವ ಜಲಾಶಯವೇ ಕೋಡಿ ಬಿತ್ತು. ಫೋನ್ ಮಾಡಿದಳು, ಅವನು ಎತ್ತಲಿಲ್ಲ.

ಚುಕ್ಕೆಯನ್ನು ಮತ್ತೆ ಸೇರಿಸಿದಳು. ಅಂದಿನಿಂದ ದಿನವೂ ಬೀಗ ತೆಗೆದೊಡನೆ ಮೊದಲು ಆ ನಕ್ಷೆ. ಗೆರೆ ಬಂತೇ? ಇಲ್ಲ... ಹೀಗೇ ಹದಿನಾಲ್ಕು ತಿಂಗಳು.

ಒಂದು ಬೆಳಿಗ್ಗೆ ಹೊಸ ಚುಕ್ಕೆ! ಅದರಿಂದ ಕೂದಲೆಳೆಯಂಥ ಗೆರೆಯೊಂದು ನಯನಾಳ ಚುಕ್ಕೆಯವರೆಗೆ... ಬರೆದವನು ಮಹೇಂದ್ರ.

“ಗೆರೆ ಬಂತಾ ಮೇಡಂ?”

ಬಾಗಿಲಲ್ಲಿ ಅವನೇ. ಸೊರಗಿದ್ದ.

“ಬಂತು... ಓದ್ದೇ ಅಳಿಸ್ಬುಟ್ಟೆ. ತಪ್ಪಾಯ್ತು.”

“ಸಿಟ್ಟು ನಿಮ್ ಮೇಲಲ್ಲ.” ಅವನು ಬ್ಯಾಗು ಕೆಳಗಿಟ್ಟ. “ಒಸಿ ಓದಿ ಹೆಂಗೈತೆ ಹೇಳು ಕಣ್ಲಾ ಅಂತ ಅಕ್ಕ ಎಷ್ಟು ಸಲ ಕೇಳ್ತು... ಅದು ಇರೋವರ್ಗೂ ನಾನೂ ಓದ್ಲಿಲ್ಲ.”

ಈ ಸಲ ಒಂದು ಪುಸ್ತಕವೂ ಅಲುಗಲಿಲ್ಲ. ಗಂಗಹನುಮಯ್ಯನನ್ನು ಕೇಳಬೇಕಿಲ್ಲ.

“ನೀವು ದಿನಾ ನೋಡ್ತಿದ್ರಂತೆ. ಗಂಗಹನುಮಯ್ಯಣ್ಣ ಹೇಳ್ತು.”

“ನಯನಕ್ಕನ್ನ ಒಂಟಿಯಾಗಿ ಬುಡೋಕೆ ಮನಸ್ಸಾಗ್ಲಿಲ್ಲ.”

“ಮತ್ತೆ ನನ್ನ?”

ಸಿರಿ ಪಕ್ಕದ ಕುರ್ಚಿ ಎಳೆದಳು. ಕಣ್ಣೊರೆಸಿಕೊಂಡಳು.

“ಕೂತ್ಕೊಳ್ಳಿ ಮಹೇಂದ್ರ. ಅಕ್ಕ ಬರ್ದಿದ್ನ ಮೊದಲ್ನಿಂದ ಓದೋಣ... ಇಬ್ರೂ.”