ಪ್ಲೇಟಿನ ಇನ್ನೊಂದು ಮಗ್ಗುಲು

ಅವನು ಅವಳನ್ನು ‘ಸಿಸ್ಟರ್’ ಎನ್ನುತ್ತಿದ್ದ. ಅವಳು ಅವನನ್ನು ‘ಸದಾನಂದಣ್ಣ’ ಎನ್ನುತ್ತಿದ್ದಳು. ಇಷ್ಟೊಂದು ಅಣ್ಣ ತಂಗಿತನ ನಡುವೆ ಕೂತಿರುವಾಗ ಪ್ರೀತಿ ಪಾಪ ಎಲ್ಲಿಂದ ನುಸುಳಬೇಕು ಹೇಳಿ. ಆದರೂ ನುಸುಳಿತ್ತು. ಸದಾನಂದನ ಮಟ್ಟಿಗಂತೂ ನುಸುಳಿ, ಚಾಪೆ ಹಾಸಿ, ಮಲಗಿಯೂ ಆಗಿತ್ತು.

ತಪ್ಪು ಇಬ್ಬರದೂ ಅಲ್ಲ. ನೀಲಾವತಿ ವಿಕ್ರೋಳಿಯ ಒಂದು ಕಾರ್ಖಾನೆಯ ದವಾಖಾನೆಯಲ್ಲಿ ನರ್ಸು. ನರ್ಸುಗಳನ್ನು ಬೊಂಬಾಯಿಯೆಲ್ಲ ಸಿಸ್ಟರ್ ಎಂದೇ ಕರೆಯುತ್ತದೆ. ಸದಾನಂದ ಜೋಗೇಶ್ವರಿ ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಮ್ಯಾನೇಜರು. ಗಲ್ಲಾದಲ್ಲಿ ಕೂತ ಊರಿನ ಗಂಡಸು ಊರಿನ ಹೆಂಗಸರಿಗೆಲ್ಲ ಅಣ್ಣ. ಇಬ್ಬರಿಗೂ ಮದುವೆಯ ವಯಸ್ಸು ಮೀರಿತ್ತು. ಅವಳು ಇಬ್ಬರು ತಂಗಿಯರನ್ನು ದಡ ಮುಟ್ಟಿಸುವಷ್ಟರಲ್ಲಿ ದಣಿದಿದ್ದಳು. ಇವನು ಯಾರನ್ನೂ ಮುಟ್ಟಿಸದೆಯೇ, ಬೆಳಗಿನ ಇಡ್ಲಿಯಿಂದ ರಾತ್ರಿಯ ಲೆಕ್ಕದವರೆಗೆ ಸುಮ್ಮನೆ ದಣಿದಿದ್ದ.

ಸಂಜೆ ಅವಳು ವಿಕ್ರೋಳಿಯಿಂದ ದಾದರಿಗೆ ಬಂದು, ಅಲ್ಲಿ ಸೇತುವೆ ಹತ್ತಿಳಿದು, ಈಚೆ ಲೈನಿನ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಜೋಗೇಶ್ವರಿ ತಲುಪುತ್ತಿದ್ದಳು. ತಾನು ವಾಸವಿದ್ದ ಚಾಳಿಗೆ ಹೋಗುವ ಮೊದಲು ಹೋಟೆಲಿನ ಫ್ಯಾಮಿಲಿ ರೂಮಿಗೆ ಬಂದು, ಚಪ್ಪಲಿ ಬಿಟ್ಟು, ಒಂದು ಕಾಫಿ ಹೇಳಿ ಗೋಡೆಗೆ ತಲೆಯಾನಿಸುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಗಲ್ಲಾದ ಪಕ್ಕದ ಗ್ರಾಮಫೋನಿನಲ್ಲಿ ಒಂದು ಮೆದುವಾದ ಹಾಡು ಶುರುವಾಗುತ್ತಿತ್ತು. ಪರದೆಯ ಸಂದಿಯಿಂದ ಅವಳ ಕಾಲಿನ ಹೆಬ್ಬೆರಳಷ್ಟೇ ಕಾಣುತ್ತಿತ್ತು. ಅದು ತಾಳ ಹಾಕಿದರೆ ಸದಾನಂದನಿಗೆ ಆ ದಿನ ಸಾರ್ಥಕ. ಹಾಕದಿದ್ದರೆ ಅವಳಿಗೆ ಇವತ್ತು ಕೆಲಸ ಜಾಸ್ತಿಯಾಗಿದೆ ಎಂದು ತಿಳಿದು, ಕಾಫಿಗೆ ಇನ್ನಷ್ಟು ಡಿಕಾಕ್ಷನ್ ಹಾಕಿಸುತ್ತಿದ್ದ.

ಹಾಡಿನ ಪೆಟ್ಟಿಗೆ ಹೋಟೆಲಿನ ಧಣಿ ಅಣ್ಣು ಅವರದು. ಹಾಡಿನ ಪ್ಲೇಟುಗಳು ಸದಾನಂದನವು. ರೇಡಿಯೋದವರು ಸಿನೆಮಾ ಹಾಡು ನಿಲ್ಲಿಸಿದ ಮೇಲೆ ಆ ಪೆಟ್ಟಿಗೆಗೆ ಮರ್ಯಾದೆ ಹೆಚ್ಚಿ, ಅವನ ಹುಚ್ಚೂ ಹೆಚ್ಚಿತ್ತು. ಒಂದು ಸಿನೆಮಾದ ಹಾಡುಗಳು ನಾಲ್ಕೈದು ಪ್ಲೇಟುಗಳಲ್ಲಿ ಹಂಚಿ ಹೋಗಿದ್ದರೆ, ಅಷ್ಟನ್ನೂ ಒಂದೆಡೆ ಸೇರಿಸುವ ತನಕ ಅವನಿಗೆ ನಿದ್ದೆಯಿಲ್ಲ. ತಮಾಷೆಯೆಂದರೆ, ಆ ಸಿನೆಮಾಗಳಲ್ಲಿ ಒಂದನ್ನೂ ಅವನು ನೋಡಿದವನಲ್ಲ. ಆಟದ ಹೊತ್ತೂ ಹೋಟೆಲಿನಲ್ಲಿ ಗಿರಾಕಿ ತುಂಬುವ ಹೊತ್ತೂ ಒಂದೇ.

ಪ್ಲೇಟಿನ ವಿಷಯದಲ್ಲಿ ಅವನು ಮಡಿ ಬ್ರಾಹ್ಮಣರ ಹಾಗೆ. ಪ್ರತಿ ಹಾಡಿಗೂ ಹೊಸ ಮುಳ್ಳು. ಹಾಡು ಮುಗಿದ ಮೇಲೆ ಮುಳ್ಳು ಒಂದು ಸುತ್ತು ಸುಮ್ಮನೆ ಉಜ್ಜಿದರೂ ಅವನ ಹೊಟ್ಟೆ ಉರಿಯುತ್ತಿತ್ತು. ಗಿರಾಕಿ ಚಿಲ್ಲರೆಗೆ ಕೈಚಾಚಿ ನಿಂತಿದ್ದರೂ ಎದ್ದು ಹೋಗಿ ಎತ್ತುತ್ತಿದ್ದ. ಪ್ಲೇಟನ್ನು ಯಾರಿಗೂ ಮನೆಗೆ ಕೊಡುತ್ತಿರಲಿಲ್ಲ. ಧಣಿಯ ಮಗಳ ಮದುವೆಗೇ ಕೊಟ್ಟಿರಲಿಲ್ಲ.

ಅಂಥವನು ಒಂದು ಸಂಜೆ ಒಂದು ಪ್ಲೇಟನ್ನು ತಂದು ನೀಲಾವತಿಯ ಮೇಜಿನ ಮೇಲಿಟ್ಟ.

“ನಿಮ್ಮ ಚಾಳಿನಲ್ಲಿ ಯಾರದ್ದೋ ಪೆಟ್ಟಿಗೆ ಉಂಟು ಅಂದಿದ್ರಲ್ಲ, ಸಿಸ್ಟರ್.”

“ಅಲಮೇಲು ಅಂತ, ಪಕ್ಕದ ಖೋಲಿಯವರದ್ದು.” ಅವಳು ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದಳು. ದಣಿದ ಕಣ್ಣಿನಲ್ಲೂ ಒಂದಿಷ್ಟು ತುಂಟತನ ಉಳಿದಿತ್ತು. “ನೀವು ಪ್ಲೇಟು ಯಾರಿಗೂ ಕೊಡುವುದಿಲ್ಲವಂತೆ. ನಿಮ್ಮ ಸಪ್ಲೈಯರ್ ಸೀನ ಹೇಳ್ತಿದ್ದ.”

“ಕೊಡುವುದಿಲ್ಲ.”

“ಮತ್ತೆ ಇದು ಎಂತ?”

“ಎರಡೂ ಮಗ್ಗುಲು ಕೇಳಿ. ಕೇಳಿ ಹೇಳಿ,” ಎಂದು ಅವನು ಕಾಫಿಯ ಕಲೆಯಿಲ್ಲದ ಮೇಜನ್ನು ಹೆಗಲ ವಸ್ತ್ರದಿಂದ ಒರೆಸಿದ.

ಪ್ಲೇಟಿನ ಒಂದು ಮಗ್ಗುಲಲ್ಲಿ ಗಂಡು ಕೇಳುತ್ತಾನೆ, ನನ್ನ ಜೊತೆ ಬರುತ್ತೀಯಾ ಎಂದು. ಇನ್ನೊಂದು ಮಗ್ಗುಲಲ್ಲಿ ಹೆಣ್ಣು ಉತ್ತರ ಕೊಡುತ್ತಾಳೆ. ಬಾಯಿಬಿಟ್ಟು ಕೇಳಲು ಧೈರ್ಯವಿಲ್ಲದ ಸದಾನಂದ ಆ ಕೆಲಸವನ್ನು ಹಾಡಿಗೆ ಒಪ್ಪಿಸಿಬಿಟ್ಟಿದ್ದ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೊಂದು ಸಂಜೆ, ಆಚೆಯ ಫುಟ್‌ಪಾತಿನಲ್ಲಿ ಅವಳ ಬಿಳಿ ಸೀರೆ ಹಾದುಹೋಗುವುದು ಕಾಣಿಸಿತು. ಮಳೆಯಿಲ್ಲ, ಬಿಸಿಲಿಲ್ಲ, ಆದರೂ ಕೊಡೆ ಬಿಚ್ಚಿ ಹೋಟೆಲಿನ ಕಡೆಗೆ ಅಡ್ಡ ಹಿಡಿದಿದ್ದಳು. ಸದಾನಂದನಿಗೆ ಅವಳ ಉತ್ತರ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡ. ಈ ವಯಸ್ಸಿನಲ್ಲಿ ಅತ್ತು ಕರೆಯುವುದಕ್ಕೆ ಆಗುತ್ತದೆಯೇ? ಆ ದಿನ ಅವನು ಹಾಡನ್ನೇ ಹಾಕಲಿಲ್ಲ.

ಅಣ್ಣು ಧಣಿ ಬೊರಿವಲಿಯಲ್ಲಿ ಹೊಸ ಹೋಟೆಲು ತೆರೆಯುವವರಿದ್ದರು. ಅಲ್ಲಿಗೆ ಹೋಗುತ್ತೀಯಾ ಎಂದು ಬಹಳ ದಿನದಿಂದ ಕೇಳುತ್ತಿದ್ದರು. ಸಂಜೆಯ ಆ ಒಂದು ಕಾಫಿಯ ಆಸೆಗೆ ಸದಾನಂದ ಹಾರಿಕೆಯ ಉತ್ತರ ಕೊಡುತ್ತಲೇ ಬಂದಿದ್ದ. ಈಗ ಹೂಂ ಅಂದುಬಿಟ್ಟ.

ಹೊರಡುವ ಹಿಂದಿನ ಭಾನುವಾರ, ಊಟದ ಗಿರಾಕಿಗಳು ಮುಗಿದು ಶಟರ್ ಅರ್ಧ ಎಳೆದಿದ್ದ ಹೊತ್ತು. ಸೀನ ಅಡುಗೆಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಸದಾನಂದ ಚಹಾ ಪೆಟ್ಟಿಗೆಯೊಂದರಲ್ಲಿ ಹಳೆ ಪೇಪರು ಹಾಸಿ ಪ್ಲೇಟುಗಳನ್ನು ಜೋಡಿಸುತ್ತಿದ್ದ. ಶಟರಿನ ಕೆಳಗೆ ಬಗ್ಗಿ ನೀಲಾವತಿ ಒಳಗೆ ಬಂದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಪ್ಲೇಟು.

“ಬೊರಿವಲಿಗೆ ಹೋಗ್ತೀರಂತೆ. ಸೀನ ಸ್ಟೇಷನ್ನಿನಲ್ಲಿ ಸಿಕ್ಕಿ ಹೇಳಿದ,” ಎಂದಳು. “ನಿಮ್ಮದನ್ನು ಕೊಟ್ಟು ಹೋಗುವ ಅಂತ ಬಂದೆ. ಬೈಯುವುದಾದರೆ ಬೈದುಬಿಡಿ. ನಿಂತುಕೊಂಡೇ ಕೇಳ್ತೇನೆ, ಅಭ್ಯಾಸ ಉಂಟು.”

ಅವನು ಟವೆಲು ಬಿಚ್ಚಿದ. ಕನ್ನಡಿಯ ಹಾಗಿದ್ದ ಪ್ಲೇಟಿನ ಮೈ ಕಾವಲಿಯ ತಳದಂತೆ ಮಂಕಾಗಿ, ಅಲ್ಲಲ್ಲಿ ಕಲೆಗಟ್ಟಿತ್ತು.

“ಹೋಟೆಲಿನದ್ದಲ್ವಾ, ಎಣ್ಣೆ ಕೈಯ ಗುರುತೆಲ್ಲ ಇತ್ತು,” ನೀಲಾವತಿ ನೆಲ ನೋಡುತ್ತ ಹೇಳಿದಳು. “ಶುದ್ಧ ಮಾಡಿ ಕೇಳುವ ಅಂತ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ನಮ್ಮಲ್ಲಿ ಎಲ್ಲದಕ್ಕೂ ಅದೇ. ಹತ್ತಿ ಕಪ್ಪಾಯ್ತು. ಕೊಳೆ ಬಿಡ್ತಾ ಉಂಟು ಅಂತ ಇನ್ನೂ ಒತ್ತಿ ಒರೆಸಿದೆ. ಆಮೇಲೆ ನೋಡಿದ್ರೆ ಅದು ಕೊಳೆ ಅಲ್ಲ ಸದಾನಂದಣ್ಣ, ಹಾಡೇ ಎದ್ದು ಬಂದಿತ್ತು.”

ಪ್ಲೇಟೆಂದರೆ ಅರಗು, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆ ಸಿನೆಮಾದ ಹಾಡುಗಳನ್ನು ಪೂರ್ತಿ ಮಾಡಿದ ಕೊನೆಯ ಪ್ಲೇಟದು. ಮತ್ತೆ ಸಿಗುವುದು ಕನಸಿನ ಮಾತು.

“ಇನ್ನೊಂದು ಮಗ್ಗುಲು ಮುಟ್ಟಲಿಲ್ಲ, ಅಷ್ಟರಲ್ಲಿ ನಿಲ್ಲಿಸಿದೆ. ರಜೆ ಇದ್ದಾಗೆಲ್ಲ ಚೋರ್ ಬಜಾರಿನ ಹಳೆ ಸಾಮಾನಿನ ಅಂಗಡಿಯೆಲ್ಲ ಸುತ್ತಿದೆ, ಇಂಥದ್ದೇ ಸಿಗ್ತದಾ ಅಂತ. ಸಿಗಲಿಲ್ಲ. ಬರಿಗೈಯಲ್ಲಿ ನಿಮಗೆ ಮುಖ ತೋರಿಸುವುದು ಹೇಗೆ?”

ಅವಳ ಚಪ್ಪಲಿಯ ಹಿಮ್ಮಡಿ ಸವೆದು ಕಾಗದದಷ್ಟು ತೆಳ್ಳಗಾಗಿತ್ತು. ಅದನ್ನು ನೋಡುತ್ತಿದ್ದಂತೆ ಸದಾನಂದನಿಗೆ ತಟ್ಟನೆ ಹೊಳೆಯಿತು.

“ಹಾಗಾದ್ರೆ ನೀವು ಹಾಡು ಕೇಳಲೇ ಇಲ್ಲ?”

“ಯಾವ ಧೈರ್ಯದಲ್ಲಿ ಕೇಳಲಿ? ಅದರಲ್ಲಿ ಎಂತ ಇತ್ತು?”

ಅವನು ಹೊಸ ಮುಳ್ಳು ಸಿಕ್ಕಿಸಿ, ಹ್ಯಾಂಡಲ್ ತಿರುಗಿಸಿ, ಕೆಟ್ಟ ಮಗ್ಗುಲನ್ನೇ ಹಾಕಿದ. ಬಾಣಲೆಯಲ್ಲಿ ಎಣ್ಣೆ ಸಿಡಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಎಲ್ಲೋ ಆಳದಲ್ಲಿ ಒಬ್ಬ ಗಂಡಸು ಏನೋ ಅನ್ನುತ್ತಿದ್ದ, ಯಾವ ಮಾತೂ ಬಿಡಿಸಿ ಕೇಳುವಂತಿರಲಿಲ್ಲ.

“ಹಾಡಿ ತೋರಿಸಿ,” ಎಂದಳು.

“ನನಗೆ ಹಾಡ್ಲಿಕ್ಕೆ ಬರುವುದಿಲ್ಲ.”

“ಹಾಗಾದ್ರೆ ಬರೀ ಹೇಳಿ.”

ಸದಾನಂದ ಮುಳ್ಳೆತ್ತಿದ. ಇಷ್ಟು ವರ್ಷ ಬೇರೆಯವರ ದನಿಯನ್ನು ಕೂಡಿಟ್ಟವನು ಈಗ ತನ್ನ ದನಿ ಹುಡುಕಬೇಕಿತ್ತು.

“ಧಣಿ ಬೊರಿವಲಿಯಲ್ಲಿ ಒಂದು ಖೋಲಿ ಕೊಡ್ತಾರಂತೆ,” ಎಂದ. “ನೀರು ಬೆಳಿಗ್ಗೆ ಮಾತ್ರ. ಕಿಟಕಿ ಉಂಟು. ಸಂಜೆ ನೀವು ಬರುವಾಗ ನಾನು ಗಲ್ಲಾ ಬಿಟ್ಟು ಬಂದು ಕಾಫಿ ಮಾಡಿಡ್ತೇನೆ. ದಣಿದಿದ್ರೆ ಮಾತಾಡಬೇಕು ಅಂತ ಇಲ್ಲ. ಸುಮ್ಮನೆ ಕೂತ್ರೂ ನನಗೆ ಸಾಕು. ಹಾಡಿನಲ್ಲಿ ಚಂದ ಇತ್ತು, ಸಿಸ್ಟರ್. ನನಗೆ ಇಷ್ಟೇ ಬರುವುದು.”

ಹೊರಗೆ ಒಂದು ಲೋಕಲು ಬಂದು ನಿಂತು ಹೊರಟುಹೋಯಿತು.

“ಬೊರಿವಲಿಯಿಂದಲೇ ಹೊರಡುವ ಗಾಡಿ ಉಂಟಲ್ಲ?” ಎಂದು ಕೇಳಿದಳು.

“ಉಂಟು, ಬೆಳಿಗ್ಗೆ ತುಂಬಾ ಉಂಟು.”

“ಹಾಗಾದ್ರೆ ಅಲ್ಲಿ ಹತ್ತಿದರೆ ಸೀಟು ಸಿಗ್ತದೆ. ದಾದರಿನವರೆಗೆ ಕೂತುಕೊಂಡು ಹೋಗಬಹುದು.”

ಸದಾನಂದ ಪೆಚ್ಚಾಗಿ ನೋಡಿದ. ಅವಳ ತುಟಿಯಂಚು ಮೆಲ್ಲಗೆ ಮೇಲೇರುತ್ತಿರುವುದು ಕಂಡಾಗಲೇ ಅವನಿಗೆ ಅದು ಉತ್ತರವೆಂದು ಗೊತ್ತಾದದ್ದು.

“ಸಿಸ್ಟರ್...”

“ಇನ್ನು ಅದೊಂದು ಬೇಡ ಮಾರಾಯ್ರೆ,” ಎಂದಳು. “ನಾನೂ ಅಣ್ಣ ಬಿಡ್ತೇನೆ.”

ಅವಳು ಫ್ಯಾಮಿಲಿ ರೂಮಿನ ಬೆಂಚಿನಲ್ಲಿ ಕೂತು ಚಪ್ಪಲಿ ಬಿಟ್ಟಳು. ಅವನು ಪರದೆ ಪೂರ್ತಿ ಸರಿಸಿ, ಪ್ಲೇಟು ಮಗುಚಿ, ಮತ್ತೊಂದು ಹೊಸ ಮುಳ್ಳು ಹಾಕಿ ಬಂದು, ನಡುವೆ ಒಂದು ಗೇಣು ಬಿಟ್ಟು ಪಕ್ಕದಲ್ಲಿ ಕೂತ. ಹೆಣ್ಣುದನಿ ನಿಚ್ಚಳವಾಗಿ ಶುರುವಾಯಿತು.

“ಪಿಕ್ಚರಿನಲ್ಲಿ ಆಮೇಲೆ ಎಂತ ಆಗ್ತದೆ?”

“ಗೊತ್ತಿಲ್ಲ. ನಾನು ನೋಡ್ಲಿಲ್ಲ,” ಎಂದ ಸದಾನಂದ.

ಅವಳು ನಕ್ಕು ಕಣ್ಣು ಮುಚ್ಚಿದಳು. ಹೆಬ್ಬೆರಳು ನಾಲ್ಕು ಸಲ ತಾಳ ಹಾಕಿ ನಿಂತಿತು. ಹಾಡಿನ ಹೆಣ್ಣು ಇನ್ನೂ ಒಪ್ಪಿಗೆ ಕೊಡುವ ಸಾಲಿಗೆ ಬಂದಿರಲಿಲ್ಲ, ಅಷ್ಟರಲ್ಲಿ ನೀಲಾವತಿಯ ತಲೆ ಗೋಡೆಯಿಂದ ಜಾರಿ ಅವನ ಹೆಗಲಿಗೆ ಬಂತು. ಅವಳಿಗೆ ಗಾಢ ನಿದ್ದೆ.

ಹಾಡು ಮುಗಿಯಿತು. ಮುಳ್ಳು ಕೊನೆಯ ಗೆರೆಯಲ್ಲಿ ಸರಸರ ಉಜ್ಜತೊಡಗಿತು. ಒಂದು ಸುತ್ತು, ಇನ್ನೊಂದು, ಮತ್ತೊಂದು. ಸದಾನಂದನ ಕೈ ಅಭ್ಯಾಸದಿಂದ ಬೆಂಚನ್ನು ಹಿಡಿದು ಏಳಲು ನೋಡಿತು. ಆಮೇಲೆ ಅವನು ಕೈ ಸಡಿಲಿಸಿ, ಹೆಗಲು ಅಲುಗದಂತೆ ಹಾಗೆಯೇ ಕೂತ. ಪೆಟ್ಟಿಗೆಯ ಕೀ ಇಳಿದು ಪ್ಲೇಟು ತಾನಾಗಿ ನಿಲ್ಲುವವರೆಗೂ ಅದು ಉಜ್ಜುತ್ತಲೇ ಇತ್ತು, ಅವನು ಏಳಲಿಲ್ಲ.