ಹಳೆಯದೆಂದು ಒಪ್ಪಿಕೊಂಡ ಮೇಜು

"ಇದನ್ನ ನೋಡಿ ತಂದಿದ್ದು ಯಾರು? ಯಾರು ಅಂತ ಕೇಳ್ತಿದೀನಿ!"

ಅಂಗಡಿಯ ಹಿಂದಿನ ಪಾಲಿಶ್ ಕೋಣೆಯಲ್ಲಿ ಬರೆಯುವ ಮೇಜೊಂದು ನಾಲ್ಕು ಕಾಲೂ ಮೇಲೆ ಮಾಡಿಕೊಂಡು ಬಿದ್ದಿತ್ತು. ಅದರ ಪಕ್ಕ ಮಂಡಿಯೂರಿ ಕುಳಿತಿದ್ದ ಮಗ, ಕಿತ್ತು ತೆಗೆದ ಸ್ಕ್ರೂ ಒಂದನ್ನು ಬೆಳಕಿಗೆ ಹಿಡಿದಿದ್ದ. ಸ್ಕ್ರೂವಿನ ತಲೆಯ ಮೇಲೆ ಪ್ಲಸ್ ಗುರುತಿನ ಸೀಳು! ವಿಕ್ಟೋರಿಯಾ ರಾಣಿಯ ಕಾಲದ ಮೇಜಿನಲ್ಲಿ ಇಂಥ ಸ್ಕ್ರೂ ಸಿಕ್ಕಿತೆಂದರೆ ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗ ನಿಂತಿದ್ದ ಹಾಗೆ. ಡ್ರಾಯರಿನ ತಳಕ್ಕೆ ಪ್ಲೈವುಡ್ ಬೇರೆ. ನಿನ್ನೆ ಮೊನ್ನೆ ಈ ವ್ಯಾಪಾರಕ್ಕೆ ಬಂದವರ ಕಣ್ಣಿಗೂ ಬೀಳುವ ತಪ್ಪು.

ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು ಅವನ ತಾಯಿ. ನಲವತ್ತು ವರ್ಷ ಹಳೆಯ ಸಾಮಾನು ಕೊಂಡು ಮಾರಿ ಕೂದಲು ಹಣ್ಣು ಮಾಡಿಕೊಂಡ ಅವರನ್ನು ಪೇಟೆಯೆಲ್ಲ ಅಂಗಡಿಯಮ್ಮ ಎಂದೇ ಕರೆಯುತ್ತಿತ್ತು. ಇನ್ನೊಬ್ಬಳು ಅವನ ಹೆಂಡತಿ. ಹದಿನೈದು ವರ್ಷ ಅತ್ತೆಯ ಹಿಂದೆ ಚೀಲ ಹೊತ್ತು ತಿರುಗಿ ಮರ ನೋಡುವುದನ್ನು ಕಲಿತವಳು. ಮೇಜು ತಂದದ್ದು ಇವರಿಬ್ಬರೇ.

ಸೊಸೆ ಅತ್ತೆಯ ಮುಖ ನೋಡಿದಳು. ಈಗ ಮಾತಾಡುತ್ತಾರೆ... ಈಗ... ಅಂಗಡಿಯಮ್ಮ ನೆಲ ನೋಡುತ್ತಾ ನಿಂತಿದ್ದರು.

"ನಾನೇ ರೀ," ಎಂದಳು ಸೊಸೆ. "ಕತ್ತಲೆ ಕೋಣೆ... ಸರಿಯಾಗಿ ಕಾಣಿಸಲಿಲ್ಲ."

"ಕಾಣಿಸಲಿಲ್ವಾ? ಚೀಲದಲ್ಲಿ ಟಾರ್ಚ್ ಯಾಕಿಟ್ಟಿರೋದು, ಪೂಜೆ ಮಾಡೋಕಾ?"

ನಡೆದದ್ದು ಇಷ್ಟು. ಹೋದ ವಾರ ದಲ್ಲಾಳಿಯೊಬ್ಬ ಬಂದು, ಊರಾಚೆಯ ಬಡಾವಣೆಯಲ್ಲಿ ಒಂದು ಮನೆಯವರು ಬರೆಯುವ ಮೇಜು ಮಾರುತ್ತಿದ್ದಾರೆ, ಯಜಮಾನ ಲಕ್ವ ಹೊಡೆದು ಮಲಗಿಬಿಟ್ಟಿದ್ದಾನೆ ಎಂದು ವಿಳಾಸದ ಚೀಟಿ ಕೊಟ್ಟುಹೋಗಿದ್ದ. ಆ ಚೀಟಿ ಓದಿದ ಅಂಗಡಿಯಮ್ಮ ಕುಳಿತಲ್ಲೇ ಕುಳಿತರು. ಅದು ಅವರ ಮಗಳ ಮನೆ. ಹತ್ತೊಂಬತ್ತು ವರ್ಷದ ಹಿಂದೆ ಮನೆಯವರು ಬೇಡವೆಂದವನ ಕೈ ಹಿಡಿದು ಹೋದ ಮಗಳು! ಅವಳು ಹೋದ ಆರು ತಿಂಗಳಿಗೆ ತಂದೆ ತೀರಿಕೊಂಡರು. ಹೃದಯ ಮೊದಲೇ ಕೆಟ್ಟಿತ್ತು ಎಂದು ವೈದ್ಯರು ಹೇಳಿದರೂ ಮಗ ಒಪ್ಪಲಿಲ್ಲ. "ಅಪ್ಪನ್ನ ಕೊಂದೋಳಿಗೆ ಈ ಮನೆಯಿಂದ ಒಂದು ಮೊಳೆಯೂ ಹೋಗಬಾರದು" ಎಂದು ಹೆಣದ ಮುಂದೆಯೇ ಹೇಳಿದ್ದ. ತಾಯಿ ಒಮ್ಮೆ ಕದ್ದು ಕಳಿಸಿದ ಹಣವನ್ನು ಮಗಳೇ ವಾಪಸು ಕಳಿಸಿದಳು. ಅವಳ ಹಟವೂ ಅಣ್ಣನದಕ್ಕಿಂತ ಒಂದು ತೂಕ ಹೆಚ್ಚೇ ಇತ್ತು.

ಬುಧವಾರ ಅಂಗಡಿಯಮ್ಮ ವ್ಯಾನನ್ನು ಬೀದಿಯ ತಿರುವಿನಲ್ಲೇ ನಿಲ್ಲಿಸಿ, ಸೊಸೆಯ ಕೈಗೆ ದಪ್ಪ ಲಕೋಟೆ ಇಟ್ಟರು.

"ಹೋಗಿ ಆ ಮೇಜು ತಗೊಂಡು ಬಾ. ಹೇಗಾದ್ರೂ ಇರಲಿ, ಹಳೇದು ಅಂತ ಹೇಳು. ಇಷ್ಟನ್ನೂ ಕೊಡು. ಯಾವ ಅಂಗಡಿ ಅಂತ ಬಾಯಿ ಬಿಡಬೇಡ."

"ನಕಲಾಗಿದ್ರೆ ಅತ್ತೆ?"

"ಕಿವಿ ಕೇಳಿಸಲ್ವಾ ನಿನಗೆ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಈ ಮನೆಯಲ್ಲಿ ಸೊಸೆಯ ಕಾಲ ದಾರಿ ತಪ್ಪಿ ಎಲ್ಲೋ ಕುಳಿತಿತ್ತು. ಮದುವೆಯಾದ ಹೊಸದರಲ್ಲಿ ಅವಳು ಹಳೆಯ ಕುರ್ಚಿಯೊಂದನ್ನು ಮೆಚ್ಚಿ ತಂದು, ಅದರ ಹಿಂಗಾಲುಗಳು ಹೊಸವು ಎಂಬುದನ್ನು ಗಮನಿಸಿರಲಿಲ್ಲ. ಅಂದಿನಿಂದ ನೆಂಟರು ಬರಲಿ, ಗಿರಾಕಿ ಬರಲಿ, "ನಮ್ಮ ಸೊಸೆಗೆ ಕಾಲು ಎಣಿಸೋಕೆ ಬರುತ್ತೆ, ವಯಸ್ಸು ಎಣಿಸೋಕೆ ಬರಲ್ಲ" ಎಂದು ಅಂಗಡಿಯಮ್ಮ ನಗಿಸಿದ್ದೇ ನಗಿಸಿದ್ದು! ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತಳು. ಸಾಮಾನಿನ ಮುಖ ನೋಡಬಾರದು, ಬೆನ್ನು ನೋಡಬೇಕು. ಡ್ರಾಯರಿನ ಮೂಲೆಯಲ್ಲಿ ಹಲಗೆಗಳನ್ನು ಕೂಡಿಸುವ ಹಲ್ಲುಗಳು ಒಂದೇ ಅಳತೆಯಲ್ಲಿದ್ದರೆ ಯಂತ್ರ ಕೊಯ್ದದ್ದು, ಒಂದು ದಪ್ಪ ಒಂದು ಸಣ್ಣ ಇದ್ದರೆ ಮನುಷ್ಯನ ಕೈ. ದುಂಡು ಮೇಜನ್ನು ಉದ್ದಕ್ಕೂ ಅಡ್ಡಕ್ಕೂ ಅಳೆಯಬೇಕು. ನೂರು ವರ್ಷ ಒಣಗಿದ ಮರ ಎಳೆಗೆ ಅಡ್ಡಲಾಗಿ ಕುಗ್ಗಿರುತ್ತದೆ, ಪೂರ್ತಿ ದುಂಡಗಿದ್ದರೆ ಅನುಮಾನಪಡಬೇಕು. ಬೇಕಾದ ಸಾಮಾನಿನ ಕಡೆ ತಿರುಗಿಯೂ ನೋಡದೆ ಬೇಡದ್ದರ ಬೆಲೆ ಮೊದಲು ಕೇಳಬೇಕು. ಒಂದು ದಿನ ಗೋಡೆಯ ಆಚೆಯಿಂದ ಅಂಗಡಿಯಮ್ಮ ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು: "ಈಗೀಗ ಅವಳ ಕಣ್ಣು ನನ್ನ ಕಣ್ಣಿಗಿಂತ ವಾಸಿ." ಆ ಒಂದು ಮಾತನ್ನೇ ನಂಬಿಕೊಂಡು ಅವಳು ನಾಲ್ಕು ವರ್ಷ ಬದುಕಿದ್ದಳು. ಓದಿಲ್ಲ, ತವರಿನ ಬಲವಿಲ್ಲ. ಈ ಮನೆಯಲ್ಲಿ ತನ್ನದು ಎಂದು ಅವಳಿಗಿದ್ದದ್ದು ಆ ಕಣ್ಣಿನ ಹೆಸರೊಂದೇ.

ಆ ಬುಧವಾರ ಬಾಗಿಲು ತೆರೆದ ನಾದಿನಿಯನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅತ್ತೆಯದೇ ಹಣೆ, ಅತ್ತೆಯದೇ ಗಲ್ಲ. ಒಳಕೋಣೆಯಲ್ಲಿ ಗಂಡಸೊಬ್ಬರ ಕೆಮ್ಮು. ಮೇಜು ಕಿಟಕಿಯ ಕೆಳಗಿತ್ತು. ಸೊಸೆ ಮೇಲಿನ ಡ್ರಾಯರನ್ನು ಪೂರ್ತಿ ಹೊರಗೆಳೆದು, ಮಗುಚಿ, ಅಭ್ಯಾಸಬಲದಿಂದ ಒಳಗಿನ ಮರವನ್ನು ಮೂಸಿದಳು. ಹಳೆಯ ಮರದ ವಾಸನೆಯಿಲ್ಲ. ಬರೀ ಅಂಟಿನ ವಾಸನೆ.

"ನನಗೆ ಗೊತ್ತಿರೋ ಒಬ್ರು ಹೀಗೇ ಮೂಸ್ತಿದ್ರು," ಎಂದಳು ನಾದಿನಿ.

ಸೊಸೆಯ ಕೈ ಅಲ್ಲೇ ನಿಂತಿತು. "ಒಳ್ಳೆ ಮೇಜು. ವಿಕ್ಟೋರಿಯಾ ಕಾಲದ್ದೇ," ಎಂದು ಲಕೋಟೆ ಮುಂದೆ ಹಿಡಿದಳು.

ನಾದಿನಿ ಲಕೋಟೆ ತೆರೆದು ನೋಡಿದಳು. ಹಳೆಯ ಸಾಮಾನಿನ ಮಧ್ಯೆಯೇ ಅಂಬೆಗಾಲಿಟ್ಟು ಬೆಳೆದವಳಿಗೆ ಸುಳ್ಳು ಹೇಳುವುದು ಅಕ್ಕಸಾಲಿಗನಿಗೆ ಹಿತ್ತಾಳೆ ಮಾರಿದ ಹಾಗೆ.

"ಇದು ನಕಲು ಕಣ್ರೀ. ನಾವೇ ನಕಲು ಅಂತ ಗೊತ್ತಿದ್ದು ತಗೊಂಡಿದ್ವಿ. ನಿಮಗೂ ಗೊತ್ತಾಗಿದೆ."

"ನಮ್ಮ... ನಮ್ಮಲ್ಲಿ ಹಳೇದು ಅಂತಾರೆ," ಎಂದಳು ಸೊಸೆ.

ಒಳಗಿನ ಕೆಮ್ಮು ಜೋರಾಯಿತು. ನಾದಿನಿ ಒಮ್ಮೆ ಅತ್ತ ನೋಡಿದಳು. ಆಮೇಲೆ ಲಕೋಟೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಳು.

"ಸರಿ. ಅವರು ಹಳೇದು ಅಂದ್ರೆ ಹಳೇದೇ!"

ಮೇಜನ್ನು ಹೊರಗೆ ಸಾಗಿಸುವಾಗ ಅವಳು ಹೊಸ್ತಿಲ ಒಳಗೇ ನಿಂತಳು. ಬೀದಿಯ ತಿರುವಿನ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ. ವ್ಯಾನಿನಲ್ಲಿ ಅಂಗಡಿಯಮ್ಮ ಏನನ್ನೂ ಕೇಳಲಿಲ್ಲ. "ನಡಿ" ಎಂದರು, ಅಷ್ಟೇ.

ಈಗ ಆ ಮೇಜು ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು, ಬೈಗುಳ ಸೊಸೆಯ ಮೇಲೆ ಬೀಳುತ್ತಿತ್ತು. ನಿಜ ಹೇಳಿದರೆ ಗಂಡ ಈಗಿಂದೀಗಲೇ ಹೋಗಿ ತಂಗಿಯ ಬಾಗಿಲಲ್ಲಿ ನಿಂತು ಕೂಗಾಡುತ್ತಾನೆ, ಕೊಟ್ಟದ್ದನ್ನು ಕಿತ್ತು ತರುತ್ತಾನೆ. ಗಂಡ ಚೀಲ ಕಿತ್ತುಕೊಂಡ.

"ಇನ್ಮೇಲೆ ಜನರ ಮನೆಗೆ ಸಾಮಾನು ನೋಡೋಕೆ ನೀನು ಹೋಗ್ಬೇಡ. ಧೂಳು ಒರೆಸು, ಸಾಕು."

ಅವಳು ಧೂಳು ಒರೆಸಿದಳು. ಒಂದು ದಿನ, ಎರಡು ದಿನ, ಹತ್ತು ದಿನ. ಪೇಟೆಯ ಬಾಯಿಗೆ ಬೀಗವೆಲ್ಲಿದೆ? ಎದುರಂಗಡಿಯವನು ಪ್ಲಸ್ ಸ್ಕ್ರೂ ಒಂದನ್ನು ಕೈಯಲ್ಲಿ ಹಿಡಿದು ಬಂದು, "ಅಕ್ಕಾ, ಇದು ಯಾವ ರಾಣಿ ಕಾಲದ್ದು ನೋಡಿ ಹೇಳಿ" ಎಂದು ಹಲ್ಲು ಕಿರಿದ. ಅವಳಿಗೆ ಅಳು ಕೂಡ ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವಿರಬೇಕು. ಅಂಗಡಿಯಮ್ಮ ಅಡುಗೆಮನೆಯ ಬಾಗಿಲ ತನಕ ಬಂದು ನಿಲ್ಲುವರು, ತುಟಿ ಅಲುಗುವುದು, ತಿರುಗಿ ಹೋಗುವರು. ಎಪ್ಪತ್ತರ ವಯಸ್ಸಿನಲ್ಲಿ 'ತಪ್ಪಾಯಿತು' ಎಂಬ ಮಾತನ್ನು ಹೊಸದಾಗಿ ಕಲಿಯುವುದು ಸುಲಭವಲ್ಲ.

ಹನ್ನೊಂದನೆಯ ದಿನ ಡಾಕ್ಟರು ಬಂದರು. ಇಪ್ಪತ್ತು ವರ್ಷದ ಹಳೆಯ ಗಿರಾಕಿ. ವಾಲ್‌ನಟ್ ಮರದ ಕನ್ನಡಿ ಬೀರುವೊಂದರ ಮುಂದೆ ನಿಂತು, "ನಿಮ್ಮ ಮನೆಯವರು ನೋಡಿ ಹೇಳಲಿ, ಆಮೇಲೆ ತಗೋತೀನಿ" ಎಂದರು.

ಮಗ ನಕ್ಕ. "ಅವಳಾ? ಪ್ಲಸ್ ಸ್ಕ್ರೂ ಕಾಣದ ಕಣ್ಣು ಡಾಕ್ಟ್ರೇ! ಮೊದಲು ಅದನ್ನ ನಿಮ್ಮಲ್ಲೇ ತೋರಿಸ್ಬೇಕು."

ಮೂಲೆಯಲ್ಲಿ ಬಟ್ಟೆ ಹಿಡಿದು ನಿಂತಿದ್ದ ಸೊಸೆ ತಲೆ ತಗ್ಗಿಸಿದಳು.

"ನಗಬೇಡ!"

ಅಂಗಡಿಯಮ್ಮ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ಎದ್ದು ನಿಂತಿದ್ದರು.

"ಆ ಮೇಜು ತಗೊಂಡಿದ್ದು ನಾನು. ಇವಳು ನಕಲಾಗಿದ್ರೆ ಅಂದ್ಲು. ಕಿವಿ ಕೇಳಿಸಲ್ವಾ ಅಂತ ಗದರಿಸಿ ನಾನೇ ತರಿಸಿದೆ."

"ಅಮ್ಮಾ... ನೀನಾ? ಮತ್ತೆ ಇವಳ್ಯಾಕೆ ತಾನೇ ಅಂದ್ಲು?"

"ನನ್ನ ಮಾನ ಕಾಪಾಡೋಕೆ. ಆವತ್ತು ನನಗೆ ಬಾಯಿ ಬರಲಿಲ್ಲ ಕಣೋ... ನಲವತ್ತು ವರ್ಷ ಮೆರೆದ ಬಾಯಿ ನೋಡು! ವಯಸ್ಸಾಯ್ತು, ನನ್ನ ಕಣ್ಣು ಹೋಯ್ತು. ಊರಿಗೆಲ್ಲ ಹೇಳು ಹೋಗು. ಇನ್ಮೇಲೆ ನಾನು ಸಾಮಾನು ನೋಡೋಕೆ ಹೋಗಲ್ಲ, ಅವಳು ಹೋಗ್ತಾಳೆ. ಅವಳ ಚೀಲ ಅವಳಿಗೆ ಕೊಡು."

ಡಾಕ್ಟರು ಬೇಕೆಂದೇ ಬೀರುವಿನ ಹಿಂಬದಿ ನೋಡತೊಡಗಿದರು. ಮಗ ತಾಯಿಯನ್ನೂ ಹೆಂಡತಿಯನ್ನೂ ಮತ್ತೆ ಮತ್ತೆ ನೋಡಿದ. ಏನೋ ಕೇಳಲು ಬಾಯಿ ತೆರೆದವನಿಗೆ ತಾಯಿಯ ಮುಖದಲ್ಲಿದ್ದ ದಣಿವು ಕಂಡಿತು. ಗೋಡೆಯ ಗೂಟದಿಂದ ಚೀಲ ತೆಗೆದು ಹೆಂಡತಿಯ ಕೈಗಿತ್ತ. ಸಂಜೆಯೊಳಗೆ ಪೇಟೆಯೆಲ್ಲ 'ಅಂಗಡಿಯಮ್ಮನಿಗೆ ಅರಳುಮರಳು' ಎಂದು ಮಾತಾಡಿಕೊಂಡಿತು. ಯಾವ ಹೆಸರಿಗಾಗಿ ಅವರು ಸೊಸೆಯನ್ನು ಹತ್ತು ದಿನ ಬೇಯಲು ಬಿಟ್ಟಿದ್ದರೋ ಆ ಹೆಸರು ಅರ್ಧ ದಿನದಲ್ಲಿ ಹೋಯಿತು.

ಅಂಗಡಿ ಮುಚ್ಚಿದ ಮೇಲೆ ಸೊಸೆ ಚಹಾ ತಂದುಕೊಟ್ಟಳು. ಅಂಗಡಿಯಮ್ಮ ಮಾರಾಟಕ್ಕಿಟ್ಟ ಕುರ್ಚಿಯೊಂದರಲ್ಲಿ ಕುಳಿತಿದ್ದರು. ಮಾರುವ ಕುರ್ಚಿಯಲ್ಲಿ ಕೂರಬಾರದೆಂದು ಎಲ್ಲರನ್ನೂ ಬೈಯುತ್ತಿದ್ದವರು ಅವರೇ.

"ಯಾಕೆ ಹೇಳಿದ್ರಿ ಅತ್ತೆ? ನನಗೆ ಅಭ್ಯಾಸ ಆಗಿಹೋಗಿತ್ತು."

"ಅದಕ್ಕೇ ಹೇಳಿದೆ."

ಇಬ್ಬರೂ ಚಹಾ ಕುಡಿದರು. ಹೊರಗೆ ಯಾರೋ ತಮ್ಮ ಅಂಗಡಿಯ ಕದ ಎಳೆಯುತ್ತಿದ್ದ ಸದ್ದು. ಅಂಗಡಿಯಮ್ಮ ಲೋಟದೊಳಗೆ ನೋಡುತ್ತಲೇ, ಬೆಲೆ ಕೇಳುವಾಗಿನ ಅದೇ ಅಸಡ್ಡೆಯ ದನಿಯಲ್ಲಿ ಕೇಳಿದರು:

"ಅವಳಿಗೆ... ಕೂದಲು ನೆರೆತಿದೆಯೇನೇ?"

ಇಪ್ಪತ್ತೆರಡರ ಹುಡುಗಿಯಾಗಿ ಹೊಸ್ತಿಲು ದಾಟಿದವಳನ್ನು ಈ ತಾಯಿ ಆಮೇಲೆ ಕಂಡೇ ಇಲ್ಲ!

"ಸ್ವಲ್ಪ, ಅತ್ತೆ. ಬೈತಲೆ ಹತ್ರ."

"ಹೂಂ," ಎಂದರು ಅಂಗಡಿಯಮ್ಮ. "ನನಗೂ ಅಲ್ಲೇ ಶುರುವಾಗಿದ್ದು."