ಚಿಯಾಳ ಖಾಲಿ ಹೊಟ್ಟೆ

"ಅಜ್ಜಿ, ಇವಳ ಮೂತಿ ಮೇಲೆ ಏನಿದು?"

ನಾಯೆಲಿ ಬಗ್ಗಿ ತನ್ನ ನಾಯಿ ಚಿಯಾಳ ಮೀಸೆಯಿಂದ ಬಿಳಿಯ ಚೂರೊಂದನ್ನು ತೆಗೆದಳು. ಮೆಕ್ಕೆಜೋಳದ ಹಿಟ್ಟು. ಬೆಂದ ಹಿಟ್ಟು.

ಅಜ್ಜಿ ಊರ ಮೈದಾನದ ಬಾಸ್ಕೆಟ್‌ಬಾಲ್ ಕಂಬದ ಕಡೆ ಮುಖ ತಿರುಗಿಸಿದಳು. ಶಾಲೆಯ ಗೇಟಿನಲ್ಲಿ ತಮಾಲೆ ಎಂಬ ಜೋಳದ ಕಡುಬು ಮಾರುವ ಅವಳ ಬುಟ್ಟಿ ಪಕ್ಕದಲ್ಲೇ ಇತ್ತು.

"ನಾನು ನಂಬರ್ ಚೀಟಿ ತರೋಕೆ ಹೋದಾಗ ತಿನ್ಸಿದ್ಯಾ?"

"ಒಂದು ತುಂಡು ಕಣೇ. ನಿನ್ನೆ ಸಂಜೆಯಿಂದ ಅವಳನ್ನ ಉಪವಾಸ ಕೆಡವಿದ್ದೀಯ. ಅವಳು ಹಾಗೆ ನೋಡ್ತಾ ಕೂತ್ರೆ ನನ್ನ ಕೈ ಸುಮ್ನಿರತ್ತಾ?" ಅಜ್ಜಿ ದನಿ ತಗ್ಗಿಸಿದಳು. "ಡಾಕ್ಟರು ಕೇಳಿದ್ರೆ ಏನೂ ತಿಂದಿಲ್ಲ ಅನ್ನು. ಯಾರಿಗೆ ಗೊತ್ತಾಗತ್ತೆ?"

ಚಿಯಾಳ ಹಣೆಯ ಮೇಲೆ ಕಾಗದದ ಟೇಪು, ಅದರ ಮೇಲೆ ಮೂವತ್ತೊಂದು. ನಾಯಿಗಳಿಗೆ ಮರಿಯಾಗದಂತೆ ಆಪರೇಷನ್ ಮಾಡುವ ಡಾಕ್ಟರರು ಊರಿಗೆ ಬರುವುದು ವರ್ಷಕ್ಕೊಮ್ಮೆ. ಹೋದ ವರ್ಷ ನಾಯೆಲಿಗೆ ಜ್ವರ ಬಂದು ತಪ್ಪಿಹೋಗಿತ್ತು. ಆಮೇಲೆ ಚಿಯಾ ಏಳು ಮರಿ ಹಾಕಿದಳು. ಹಾಲೂಡಿಸಿ ಊಡಿಸಿ ಪಕ್ಕೆಲುಬು ಎಣಿಸುವಂತಾದಳು. ನಾಯೆಲಿ ಮರಿಗಳನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಮನೆಮನೆ ಅಲೆದಳು. ಆರಕ್ಕೆ ಮನೆ ಸಿಕ್ಕಿತು. ಏಳನೆಯದು ಒಂದು ದಿನ ತಪ್ಪಿಸಿಕೊಂಡು ಹೆದ್ದಾರಿಗೆ ಹೋಯಿತು. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

"ಮೂವತ್ತೊಂದು," ಡಾಕ್ಟರಮ್ಮ ಕರೆದರು. "ಏನಾದ್ರೂ ತಿಂದಿದೆಯಾ?"

ಅಜ್ಜಿ ನಾಯೆಲಿಯ ತೋಳು ಒತ್ತಿದಳು.

"ತಿಂದಿದ್ದಾಳೆ. ಈಗಷ್ಟೇ. ತಮಾಲೆ," ಅಂದಳು ನಾಯೆಲಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೇಳಿದ್ದು ಒಳ್ಳೇದಾಯ್ತು. ಅರಿವಳಿಕೆ ಕೊಟ್ಟಾಗ ವಾಂತಿಯಾದ್ರೆ ಉಸಿರು ಕಟ್ಟತ್ತೆ. ಎಷ್ಟೋ ಸಲ ಉಳಿಸ್ಕೊಳ್ಳೋಕಾಗಲ್ಲ. ಇವತ್ತು ಆಗಲ್ಲ ಮಗಾ."

"ನಾಳೆ?"

"ನಾಳೆ ಗುಡ್ಡದಾಚೆ ಸಾನ್ ಹಸಿಂತೊದಲ್ಲಿರ್ತೀವಿ. ಏಳು ಗಂಟೆಗೆ ಬಂದ್ರೆ ಮೊದಲು ನಿನ್ನದೇ. ಇಲ್ಲಾಂದ್ರೆ ಮುಂದಿನ ವರ್ಷ." ಅವರು ಟೇಪನ್ನು ಮೆಲ್ಲನೆ ಕಿತ್ತರು. ಅಜ್ಜಿಯ ಮುಖ ಬಿಳಿಚಿಕೊಂಡಿತ್ತು.

ಅವರ ನಂತರದ ನಂಬರು ಪಿಕಪ್ ಗಾಡಿ ಓಡಿಸುವ ಫೆರ್ಮೀನ್ ಮಾಮನದು. ಅವನ ದೊಡ್ಡ ನಾಯಿ ಕಪಿತಾನ್ ಅವನ ಕಾಲ ಸಂದಿಯಲ್ಲಿ ಅಡಗಿತ್ತು.

"ನಡಿಯೋ ಕಪಿತಾನ್," ಅಂದ ಮಾಮ. "ಇನ್ಮೇಲೆ ಇವನು ಬೊಗಳೋದು ಬಿಟ್ಟು ಹಾಡ್ತಾನೋ ಏನೋ."

"ಮಾಮ, ನಾಳೆ ಬೆಳಿಗ್ಗೆ ನಮ್ಮನ್ನ ಸಾನ್ ಹಸಿಂತೊಗೆ ಕರ್ಕೊಂಡು ಹೋಗ್ತೀರಾ?"

"ನಿಮ್ಮನ್ನ ಸರಿ. ನಾಯಿ ಬೇಡ. ಹೋದ ತಿಂಗಳು ಯಾರದೋ ನಾಯಿ ಓಡೋ ಗಾಡಿಯಿಂದ ಹಾರಿ ಕಾಲು ಮುರ್ಕೊಳ್ತು."

"ಇವಳು ಹಾರಲ್ಲ. ಟೊಮೇಟೊ ಕ್ರೇಟಲ್ಲಿ ಕೂರಿಸಿ, ಮೇಲೆ ಇನ್ನೊಂದು ಕ್ರೇಟ್ ಮಗುಚಿ ಕಟ್ಟಿರ್ತೀನಿ."

"ಇವಳು ಕ್ರೇಟಲ್ಲಿ ಕೂತಿದ್ದನ್ನ ಯಾರು ನೋಡಿದ್ದಾರೆ?"

"ನಾಳೆ ನೀವು ನೋಡ್ತೀರಿ."

ಮಾಮ ಅಜ್ಜಿಯ ಕಡೆ ನೋಡಿದ. "ಥೇಟ್ ನಿಮ್ಮ ಹಾಗೇ ಮೊಂಡು. ಸರಿ, ಆರು ಗಂಟೆಗೆ. ರಂಪ ಮಾಡಿದ್ರೆ ಗುಡ್ಡದ ಮೇಲೆ ಇಳಿಸ್ಬಿಡ್ತೀನಿ. ನಾಯೀನಲ್ಲ, ನಿನ್ನನ್ನ."

ಮಧ್ಯಾಹ್ನವೆಲ್ಲ ನಾಯೆಲಿ ಅಂಗಳದಲ್ಲಿ ಕೂತಳು. ಕ್ರೇಟಿನೊಳಗೆ ತನ್ನ ಹಳೆಯ ಸ್ವೆಟರ್ ಹಾಸಿದಳು. ಮೊದಲ ಸಲ ಚಿಯಾ ನೆಗೆದು ಓಡಿದಳು. ಹತ್ತನೇ ಸಲವೂ ಓಡಿದಳು. ಆಮೇಲೆ ಒಂದು ನಿಮಿಷ ಕೂತಳು. ಮುಚ್ಚಿದ ಮೇಲೆ ಐದು ನಿಮಿಷ ಕೂತಳು. ಸಂಜೆ ಚಿಯಾಗೆ ಊಟ ಹಾಕಿ, ನಾಯೆಲಿ ಅವಳ ತಟ್ಟೆಯನ್ನು ತೊಳೆದು ಮಗುಚಿಟ್ಟಳು. ಅಜ್ಜಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಬೆಳಿಗ್ಗೆ ಪಿಕಪ್ ಗುಡ್ಡ ಹತ್ತಿತು. ಹಿಂದೆ ಹಲಗೆಯ ಮೇಲೆ ಅಜ್ಜಿ, ನಾಯೆಲಿ, ನಡುವೆ ಕ್ರೇಟು. ಚಿಯಾ ನಡುಗುತ್ತಿದ್ದಳು, ಆದರೆ ಬೊಗಳಲಿಲ್ಲ.

"ಬುಟ್ಟಿ ಘಮಘಮ ಅಂತಿದೆ," ಮುಂದಿನಿಂದ ಮಾಮ ಕೂಗಿದ. "ತಿನ್ನಲ್ವಾ?"

"ನನಗೆ ಹಸಿವಿಲ್ಲ," ಅಂದಳು ಅಜ್ಜಿ.

ಅಷ್ಟರಲ್ಲೇ ಅವಳ ಹೊಟ್ಟೆ ಗುರ್ ಎಂದಿತು. ನಾಯೆಲಿಗೆ ಕೇಳಿಸಿತು. ನಿನ್ನೆ ರಾತ್ರಿ ಅಜ್ಜಿಯ ತಟ್ಟೆಯೂ ಒಲೆಯ ಪಕ್ಕ ಮಗುಚಿಕೊಂಡೇ ಇತ್ತು. ಅದು ಈಗ ನೆನಪಾಯಿತು.

ಕ್ರೇಟಿನ ಸಂದಿಯಿಂದ ಚಿಯಾ ಮೂಗು ಚಾಚಿದಳು. ಅಜ್ಜಿಯ ಕೈ ಬುಟ್ಟಿಯ ಕಡೆ ಸರಿಯಿತು.

ಅಜ್ಜಿ ಬುಟ್ಟಿಯ ಬಟ್ಟೆಗೆ ಇನ್ನೊಂದು ಗಂಟು ಬಿಗಿದಳು. ಆಮೇಲೆ ಬರಿಗೈಯನ್ನು ಸಂದಿಗೆ ಹಿಡಿದಳು. ಚಿಯಾ ಅದನ್ನೇ ನೆಕ್ಕಿದಳು.

ನಾಯೆಲಿ ತನ್ನ ತಿಂಡಿಗೆಂದು ಜೇಬಿನಲ್ಲಿಟ್ಟಿದ್ದ ತಮಾಲೆಯನ್ನು ಮುಟ್ಟಿ ನೋಡಿದಳು. ಇನ್ನೂ ಬೆಚ್ಚಗಿತ್ತು. ಅದನ್ನು ತೆಗೆದು ಅಜ್ಜಿಯ ಬುಟ್ಟಿಯ ಬದಿಯಲ್ಲಿ ತೂರಿಸಿದಳು.

"ಆಪರೇಷನ್ ಆದ್ಮೇಲೆ ಚಿಯಾ ಜೊತೆ ಮೂವರೂ ಒಟ್ಟಿಗೆ ತಿನ್ನೋಣ ಅಜ್ಜಿ," ಅಂದಳು.